ಕೊರೋನಾ ಕಾಲದ ರೈತ ಪರಿಹಾರ: ಹಣ ಹೊಲಕ್ಕೆ ಬಂತೋ, ಪಹಣಿಗೆ ಬಂತೋ?

ಯಲಬುರ್ಗಾದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ತೀರಿಕೊಂಡು ಎರಡು ವರ್ಷಗಳಾದವು. ಅವರ ಬ್ಯಾಂಕ್ ಖಾತೆಯನ್ನು ಮುಚ್ಚಿಸಿ, ಇದ್ದಷ್ಟು ಹಣವನ್ನು ತಾಯಿಯವರ ಖಾತೆಗೆ ಹಾಕಿಸುವ ಸಲುವಾಗಿ ಕಳೆದ ವಾರ ಹಳೆಯ ಪಾಸ್‌ಬುಕ್ಕನ್ನು ಹುಡುಕಿ ತೆಗೆದೆ. ಪಹಣಿ (ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ), ಸೊಸೈಟಿಯ ರಸೀದಿ ಮತ್ತು ಬೀಜದ ಬಿಲ್ಲುಗಳ ಜೊತೆ ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿಟ್ಟಿದ್ದ ಆ ಪುಸ್ತಕದ 2020ರ ಪುಟದಲ್ಲಿ ಸರ್ಕಾರದಿಂದ ಬಂದ ಮೂರು ಜಮಾ ಸಾಲುಗಳಿವೆ. ಏಪ್ರಿಲ್ ತಿಂಗಳಲ್ಲಿ 2,000 ರೂಪಾಯಿ, ಆಮೇಲೆ ರಾಜ್ಯದ ಹೆಸರಿನಲ್ಲಿ ಇನ್ನೊಂದು 2,000, ಅದರ ಕೆಳಗೆ 5,000. ಈ ಐದು ಸಾವಿರದ ಪಕ್ಕದಲ್ಲಿ ತಂದೆಯವರು ಪೆನ್ಸಿಲಿನಿಂದ ‘ಗೋವಿನಜೋಳ’ ಎಂದು ಬರೆದುಕೊಂಡಿದ್ದಾರೆ, ನಮ್ಮ ಕಡೆ ಮೆಕ್ಕೆಜೋಳಕ್ಕೆ ಹಾಗೆನ್ನುತ್ತಾರೆ.

ನಮ್ಮದು ಮೂರು ಎಕರೆ ಮಳೆಯಾಶ್ರಿತ ಭೂಮಿ. ಬದುವಿನ ಆಚೆ ಇರುವ ನಾಲ್ಕು ಎಕರೆಯನ್ನು ನಮ್ಮ ಓಣಿಯವರೇ ಒಬ್ಬರು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಾರೆ. ಅವರೂ ಆ ವರ್ಷ ಗೋವಿನಜೋಳವನ್ನೇ ಹಾಕಿದ್ದರು, ಅವರ ಕಾಳೂ ನಮ್ಮದರಂತೆಯೇ ಮಣ್ಣಿನ ಬೆಲೆಗೆ ಹೋಯಿತು. ಆದರೆ ಅವರಿಗೆ ಒಂದು ಪೈಸೆಯೂ ಬರಲಿಲ್ಲವೆಂದೂ ಹುಬ್ಬಳ್ಳಿಯಲ್ಲಿರುವ ಜಮೀನಿನ ಯಜಮಾನರಿಗೆ ಬಂತೆಂದೂ ಅವರು ಈಗಲೂ ಹೇಳುತ್ತಾರೆ. ಈ ಮೂರು ಸಾಲುಗಳು ಯಾವ ಯಾವ ಲೆಕ್ಕದಿಂದ ಬಂದವು ಎಂಬುದನ್ನೂ, ಬದುವಿನ ಈಚೆಗೆ ಬಂದದ್ದು ಆಚೆಗೆ ಏಕೆ ಹೋಗಲಿಲ್ಲ ಎಂಬುದನ್ನೂ ತಿಳಿದವರು ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಗ್ರಾಮ ಲೆಕ್ಕಾಧಿಕಾರಿ, ಕುಷ್ಟಗಿ

ಮೇಷ್ಟ್ರೇ, ತಂದೆಯವರು ಹೋದ ವಿಷಯ ಓದಿ ಬೇಸರವಾಯಿತು. ಆ ಮೂರು ಸಾಲುಗಳಲ್ಲಿ ನಿಜವಾಗಿ ಕೊರೋನಾ ಪರಿಹಾರ ಎನ್ನಬಹುದಾದದ್ದು ಒಂದೇ.

ಏಪ್ರಿಲ್‌ನಲ್ಲಿ ಬಂದ 2,000 ಕೇಂದ್ರ ಸರ್ಕಾರದ ಪಿಎಂ ಕಿಸಾನ್ ಕಂತು. 2019ರ ಫೆಬ್ರವರಿಯಲ್ಲಿ ಚಾಲನೆ ಪಡೆದ ಆ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುತ್ತಾರೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ಮರುದಿನವೇ ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 1.70 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದಾಗ, ಸುಮಾರು 8.7 ಕೋಟಿ ರೈತರಿಗೆ ಏಪ್ರಿಲ್ ಮೊದಲ ವಾರದಲ್ಲೇ ಕೊಡುವ ಈ ಕಂತನ್ನೂ ಅದರೊಳಗೆ ಸೇರಿಸಿ ಹೇಳಿದರು. ಹೇಗೂ ಬರಬೇಕಾಗಿದ್ದ ಹಣ ಬೇಗ ಬಂತು ಎಂಬುದಷ್ಟೇ ಅದರ ವಿಶೇಷ. ಎರಡನೆಯ 2,000ವೂ ಹಾಗೆಯೇ. ಆಗ ರಾಜ್ಯ ಸರ್ಕಾರ ಪಿಎಂ ಕಿಸಾನ್ ಫಲಾನುಭವಿಗಳಿಗೆ ತನ್ನ ಕಡೆಯಿಂದ ವರ್ಷಕ್ಕೆ 4,000 ರೂಪಾಯಿಯನ್ನು ಎರಡು ಕಂತಾಗಿ ಸೇರಿಸಿ ಕೊಡುತ್ತಿತ್ತು, ಅದಕ್ಕೂ ರೋಗಕ್ಕೂ ಸಂಬಂಧವಿರಲಿಲ್ಲ.

ತಂದೆಯವರು ಪೆನ್ಸಿಲಿನಿಂದ ಗುರುತು ಹಾಕಿದ 5,000 ಮಾತ್ರ ಬೇರೆ. 2020ರ ಮೇ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಹತ್ತು ದಿನಗಳೊಳಗೆ ಮೂರು ಸಲ ಪ್ಯಾಕೇಜ್ ಪ್ರಕಟಿಸಿದರು. ಮೇ 6ರ 1,610 ಕೋಟಿ ರೂಪಾಯಿಯ ಮೊದಲ ಪ್ಯಾಕೇಜ್‌ನಲ್ಲಿ ಕ್ಷೌರಿಕರು, ಅಗಸರು, ಆಟೋ ಚಾಲಕರ ಜೊತೆಗೆ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಇತ್ತು. ಮೇ 14ರಂದು ಕೆಲವು ಹಣ್ಣು ಮತ್ತು ತರಕಾರಿ ಬೆಳೆಗಳಿಗೆ ಹೆಕ್ಟೇರಿಗೆ 15,000 ಎಂದರು. ಹೂವಾಗಲಿ ತರಕಾರಿಯಾಗಲಿ, ಒಬ್ಬರಿಗೆ ಒಂದು ಹೆಕ್ಟೇರಿನ ಮಿತಿಯೊಳಗೆ ಮಾತ್ರ. ಮೇ 15ರಂದು ಮೆಕ್ಕೆಜೋಳದ ಸರದಿ ಬಂತು: ಹತ್ತು ಲಕ್ಷ ರೈತರು, ತಲಾ 5,000, ಒಟ್ಟು 500 ಕೋಟಿ. ಇಲ್ಲಿ ಎಕರೆಯ ಲೆಕ್ಕವೇ ಇಲ್ಲ, ತಲೆಯ ಲೆಕ್ಕ. ಎರಡು ಎಕರೆಯವರಿಗೂ ಅಷ್ಟೇ, ಹತ್ತು ಎಕರೆಯವರಿಗೂ ಅಷ್ಟೇ.

ಲಾವಣಿಯವರಿಗೆ ಏಕೆ ಬರಲಿಲ್ಲ ಎಂಬುದನ್ನು ಸಂಜೆ ಬರೆಯುತ್ತೇನೆ. ಅದು ಒಂದು ಸಾಲಿನಲ್ಲಿ ಮುಗಿಯುವ ಮಾತಲ್ಲ.

ಕೊಪ್ಪಳ ಬಜಾರದ ಅಂಗಡಿಯವರು

ರೈತರ ಹೆಸರಿನಲ್ಲಿ ಹೆಕ್ಟೇರು, ಎಕರೆ ಎಂದು ಲೆಕ್ಕವಾದರೂ ಆಯಿತು. ಬಟ್ಟೆ ಅಂಗಡಿಯ ಬಾಡಿಗೆಗೆ ಯಾವ ಪ್ಯಾಕೇಜೂ ಇರಲಿಲ್ಲ ಎಂಬುದನ್ನೂ ದಯವಿಟ್ಟು ಬರೆದುಕೊಳ್ಳಿ.

ಯಲಬುರ್ಗಾದ ಮೇಷ್ಟ್ರು

ಅಣ್ಣಾವ್ರೇ, ನಿಮ್ಮ ಕಷ್ಟ ಸುಳ್ಳಲ್ಲ. ಅದಕ್ಕೆ ಬೇರೆಯೇ ಒಂದು ಚರ್ಚೆ ತೆಗೆಯಿರಿ, ನಾನೂ ಬಂದು ಬರೆಯುತ್ತೇನೆ. ಇಲ್ಲಿ ಹೊಲದ ಮಾತನ್ನೇ ಮುಗಿಸೋಣ.

ತಲಾಟಿ (ಗ್ರಾಮ ಲೆಕ್ಕಾಧಿಕಾರಿ) ಸಾಹೇಬರ ವಿವರಣೆ ಓದಿದ ಮೇಲೆ ನಮ್ಮ ಮನೆಯ ಲೆಕ್ಕವನ್ನು ಹಾಕಿ ನೋಡಿದೆ. ಆ ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ರೂಪಾಯಿ. ಕೋಳಿ ತಿಂದರೆ ಕೊರೋನಾ ಬರುತ್ತದೆ ಎಂಬ ಗಾಳಿಮಾತು ಲಾಕ್‌ಡೌನ್‌ಗಿಂತ ಮೊದಲೇ ಹಬ್ಬಿ, ಕೋಳಿ ಫಾರಂಗಳು ಖಾಲಿಯಾಗಿ, ಅವುಗಳ ಮೇವಿಗೆ ಹೋಗುತ್ತಿದ್ದ ಕಾಳನ್ನು ಕೇಳುವವರೇ ಇಲ್ಲದಂತಾಗಿತ್ತು. ಬೆಲೆ ಏರೀತೆಂದು ಕಾದು ಕುಳಿತಿದ್ದ ತಂದೆಯವರು ಕೊನೆಗೆ ಮೇ ತಿಂಗಳಲ್ಲಿ 1,200ರಂತೆ 36 ಕ್ವಿಂಟಲ್ ಕೊಟ್ಟರು. ಕ್ವಿಂಟಲ್‌ಗೆ 560ರಂತೆ ಹಿಡಿದರೆ ಬೆಂಬಲ ಬೆಲೆಗೂ ಕೈಗೆ ಬಂದದ್ದಕ್ಕೂ ಇಪ್ಪತ್ತು ಸಾವಿರದ ಮೇಲೆ ಅಂತರ. ಐದು ಸಾವಿರ ಅದರಲ್ಲಿ ಕಾಲುಭಾಗ. ಹಾಗೆಂದು ಅದನ್ನು ಹೀಗಳೆಯಲಾರೆ, ಏಕೆಂದರೆ ಮುಂದಿನ ಬಿತ್ತನೆಯ ಬೀಜ ಮತ್ತು ಡಿಎಪಿ ಗೊಬ್ಬರದ ಚೀಲ ಅದರಿಂದಲೇ ಬಂದವು ಎಂಬುದು ಬಿಲ್ಲುಗಳ ತಾರೀಖು ನೋಡಿದರೆ ತಿಳಿಯುತ್ತದೆ.

ಬೆಳೆ ಸಮೀಕ್ಷೆ ಮಾಡಿದ ಹುಡುಗ, ಕನಕಗಿರಿ

ಮೇಷ್ಟ್ರೇ, ಆ ಹತ್ತು ಲಕ್ಷದ ಪಟ್ಟಿ ಎಲ್ಲಿಂದ ಬಂತು ಎಂದರೆ, ನಮ್ಮಂಥವರ ಮೊಬೈಲಿನಿಂದ ಬಂತು. ಪರಿಹಾರ ಘೋಷಣೆಯಾದಾಗ ಹಿಂದಿನ ವರ್ಷದ ಬೆಳೆ ಸಮೀಕ್ಷೆಯನ್ನು ಆಧಾರವಾಗಿ ಹಿಡಿದರು. ಆಗ ಸಮೀಕ್ಷೆ ಮಾಡುತ್ತಿದ್ದವರು ‘ಖಾಸಗಿ ನಿವಾಸಿ’ ಎಂಬ ಹೆಸರಿನ ಊರ ಹುಡುಗರಾದ ನಾವು. ಸರ್ವೆ ನಂಬರಿನೊಳಗೆ ನಿಂತು, ಜಿಪಿಎಸ್ ಹಿಡಿಯುವವರೆಗೆ ಕಾದು, ಬೆಳೆಯ ಹೆಸರು ಆರಿಸಿ, ಫೋಟೋ ತೆಗೆದು ಅಪ್‌ಲೋಡ್ ಮಾಡಬೇಕು. ನಮಗೆ ಕೊಡುತ್ತಿದ್ದದ್ದು ಪ್ಲಾಟಿನ ಲೆಕ್ಕದ ಕೂಲಿ, ಅದೂ ತಡವಾಗಿ.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ಭಾಗದಲ್ಲಿ ಮಳೆ ನಂಬಿದ ಹೊಲದಲ್ಲಿ ಒಂದೇ ಬೆಳೆ ಹಾಕುವವರು ಕಡಿಮೆ. ಸಜ್ಜೆಯ ನಡುವೆ ತೊಗರಿ ಸಾಲು, ಗೋವಿನಜೋಳದ ಅಂಚಿಗೆ ಅಲಸಂದಿ, ಒಂದು ಮೂಲೆಯಲ್ಲಿ ಹತ್ತು ಗುಂಟೆ ಮೆಣಸಿನಕಾಯಿ. ಆ್ಯಪ್‌ನಲ್ಲಿ ಮಿಶ್ರ ಬೆಳೆ ತುಂಬಲು ಅವಕಾಶವಿತ್ತು, ಆದರೆ ಪ್ರತಿ ಬೆಳೆಗೂ ವಿಸ್ತೀರ್ಣ ಬರೆಯಬೇಕು, ಫೋಟೋ ಬೇಕು. ಸಂಜೆ ಆರಾಗಿರುತ್ತಿತ್ತು, ಚಾರ್ಜು ಮುಗಿಯುತ್ತಿತ್ತು, ಹೆಚ್ಚು ಕಾಣಿಸಿದ ಬೆಳೆಯೊಂದನ್ನೇ ಹಾಕಿ ಮುಂದಿನ ಹೊಲಕ್ಕೆ ನಡೆಯುತ್ತಿದ್ದೆವು. ಆ ಹತ್ತು ಗುಂಟೆ ಮೆಣಸಿನಕಾಯಿಯ ಮೇಲೆ ಮುಂದೊಂದು ದಿನ ಸರ್ಕಾರದ ಹಣ ಬಂದು ಕೂರುತ್ತದೆ ಎಂದು ನಮಗೂ ಗೊತ್ತಿರಲಿಲ್ಲ, ಹೊಲದವರಿಗೂ ಗೊತ್ತಿರಲಿಲ್ಲ. 2020ರ ಮುಂಗಾರಿನಿಂದ ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆ ದಾಖಲಿಸುವ ವ್ಯವಸ್ಥೆ ಬಂತು. ನಾವು ಹಾಕಿದ್ದು ಸರಿಯೋ ತಪ್ಪೋ ಎಂಬುದನ್ನು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು ಎನ್ನುವುದೂ ಆಮೇಲೆಯೇ ಊರಿನವರಿಗೆ ತಿಳಿದದ್ದು.

ಮಲ್ಲಿಗೆ ತೋಟದವಳು, ಹುಲಿಗಿಯ ಹತ್ತಿರ

ತಮ್ಮಾ, ನೀನು ಒಪ್ಪಿಕೊಂಡದ್ದು ಒಳ್ಳೆಯದಾಯಿತು. ನಮ್ಮದು ಇಪ್ಪತ್ತು ಗುಂಟೆ ಮಲ್ಲಿಗೆ. ಹುಲಿಗೆಮ್ಮನ ಗುಡಿಯ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳನ್ನು ನಂಬಿಕೊಂಡಿರುವ ತೋಟ. 2020ರಲ್ಲಿ ಯುಗಾದಿ ಬಂದದ್ದು ಮಾರ್ಚ್ 25ರಂದು, ಅಂದರೆ ಲಾಕ್‌ಡೌನ್ ಆರಂಭವಾದ ದಿನವೇ. ಹಿಂದಿನ ದಿನ ನಸುಕಿನಲ್ಲಿ ನಾನೂ ನನ್ನ ನೆಗೆಣ್ಣಿಯೂ ಬಿಡಿಸಿದ ಮೊಗ್ಗು ಎರಡು ಬುಟ್ಟಿ ತುಂಬಿತ್ತು. ಹೊಸಪೇಟೆಗೆ ಒಯ್ಯುವ ಗಾಡಿ ಬರಲಿಲ್ಲ. ಸಂಜೆಗೆ ಮೊಗ್ಗು ಅರಳಿ ಮನೆಯೆಲ್ಲಾ ಘಮ್ಮೆಂದಿತು, ಬೆಳಗಾಗುವಷ್ಟರಲ್ಲಿ ಕಂದು ತಿರುಗಿತು. ಮಲ್ಲಿಗೆಯಲ್ಲಿ ಇನ್ನೊಂದು ಸಂಕಟವಿದೆ: ಮಾರಾಟವಿಲ್ಲವೆಂದು ಬಿಡಿಸದೆ ಬಿಟ್ಟರೆ ಗಿಡ ಹಾಳಾಗುತ್ತದೆ, ಹೀಗಾಗಿ ಎರಡು ತಿಂಗಳು ನಾವೇ ಬಿಡಿಸಿ ನಾವೇ ತಿಪ್ಪೆಗೆ ಹಾಕಿದೆವು.

ಹೆಕ್ಟೇರಿಗೆ ಇಪ್ಪತ್ತೈದು ಸಾವಿರ ಎಂದು ಟಿವಿಯಲ್ಲಿ ಕೇಳಿದಾಗ ಅತ್ತೆಯವರು ಇಪ್ಪತ್ತೈದು ಸಾವಿರವೂ ನಮಗೇ ಬರುತ್ತದೆಂದು ತಿಳಿದಿದ್ದರು. ಒಂದು ಹೆಕ್ಟೇರು ಎಂದರೆ ಎರಡೂವರೆ ಎಕರೆಗೆ ತುಸು ಕಡಿಮೆ, ಸುಮಾರು 99 ಗುಂಟೆ. ನಮ್ಮ ಇಪ್ಪತ್ತು ಗುಂಟೆಗೆ ಐದು ಸಾವಿರ ಚಿಲ್ಲರೆ. ಆದರೆ ಆ ಐದು ಸಾವಿರಕ್ಕೂ ಅಡ್ಡಿ ಬಂತು: ಸಮೀಕ್ಷೆಯಲ್ಲಿ ನಮ್ಮ ಹೊಲದ ಮುಂದೆ ಬರೀ ‘ಭತ್ತ’ ಎಂದಿತ್ತು! ಸುತ್ತಲೂ ಗದ್ದೆ ಇರುವುದರಿಂದ ರಸ್ತೆಯ ಮೇಲೆಯೇ ನಿಂತು ಯಾರೋ ಬರೆದು ಹೋಗಿದ್ದಾರೆ. ಅರ್ಜಿ ಕೊಡಿ, ಪರಿಶೀಲಿಸುತ್ತೇವೆ ಎಂದರು. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್, ತೋಟದಲ್ಲಿ ನಿಂತ ಫೋಟೋ ಎಲ್ಲವನ್ನೂ ಹಿಡಿದುಕೊಂಡು ಕಚೇರಿಗೆ ಮೂರು ಸಲ ಹೋದೆ. ಬಸ್ಸಿಲ್ಲದ ಕಾಲ, ಮೈದುನನ ಬೈಕಿನಲ್ಲಿ ಹೋಗಿಬರುವ ಪೆಟ್ರೋಲು ನಮ್ಮದೇ. ಅಲ್ಲಿದ್ದವರೊಬ್ಬರು ಫೋಟೋ ನೋಡಿ, ‘ಇದು ನಿಮ್ಮದೇ ತೋಟ ಎನ್ನುವುದಕ್ಕೆ ಏನು ಗುರುತು?’ ಎಂದು ಕೇಳಿದರು. ಮಲ್ಲಿಗೆ ಗಿಡಕ್ಕೆ ಹೆಸರು ಬರೆಸಿಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೇಳಿ ಬಂದೆ. ಕೊನೆಗೆ ಹಣ ಬಂತು, ಶ್ರಾವಣ ಮುಗಿಯುವ ಹೊತ್ತಿಗೆ.

ಮರುವರ್ಷದ ಮಾತೂ ಬರಲಿ. 2021ರ ಮೇ 10ರಿಂದ ಮತ್ತೆ ಲಾಕ್‌ಡೌನ್ ಆಯಿತು, ಮೇ 14ರ ಬಸವ ಜಯಂತಿ ಅದರಲ್ಲೇ ಹೋಯಿತು. ಮೇ 19ರಂದು ಪ್ರಕಟವಾದ ಪರಿಹಾರದಲ್ಲಿ ಹೂವಿಗೂ ತರಕಾರಿಗೂ ಒಂದೇ ದರ, ಹೆಕ್ಟೇರಿಗೆ 10,000. ನಮ್ಮ ಇಪ್ಪತ್ತು ಗುಂಟೆಗೆ ಎರಡು ಸಾವಿರ. ಮೊದಲ ವರ್ಷದ ಅಡ್ಡಾಟ ನೆನೆಸಿಕೊಂಡು ಈ ಸಲ ಕಚೇರಿಯ ಕಡೆಗೇ ಹೋಗಲಿಲ್ಲ. ಆಶ್ಚರ್ಯವೆಂದರೆ ತಾನಾಗಿಯೇ ಬಂತು, ಏಕೆಂದರೆ ಅಷ್ಟರಲ್ಲಿ ದಾಖಲೆಯಲ್ಲಿ ಮಲ್ಲಿಗೆ ಕುಳಿತಿತ್ತು.

ಬೆಳೆ ಸಮೀಕ್ಷೆ ಮಾಡಿದ ಹುಡುಗ, ಕನಕಗಿರಿ

ಅಕ್ಕಾ, ನಿಮ್ಮ ಊರು ನನ್ನ ಪಾಲಿಗೆ ಬಂದಿರಲಿಲ್ಲ. ಬಂದಿದ್ದರೂ ನಾನು ರಸ್ತೆಯ ಮೇಲೆ ನಿಲ್ಲುತ್ತಿರಲಿಲ್ಲ ಎಂದು ಆಣೆ ಮಾಡಲಾರೆ.

ನಿವೃತ್ತ ಗ್ರಾಮ ಲೆಕ್ಕಾಧಿಕಾರಿ, ಕುಷ್ಟಗಿ

ಲಾವಣಿಯ ವಿಷಯ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದು. ಅದಕ್ಕೆ ಆದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವರಿಗೇ ಭೂಮಿ ಕೊಟ್ಟ ಆ ಕಾನೂನೇ, ಇನ್ನು ಮುಂದೆ ಕೃಷಿ ಭೂಮಿಯನ್ನು ಗೇಣಿಗೆ ಕೊಡಬಾರದು ಎಂದೂ ಹೇಳಿತು. ಸೈನಿಕರು, ನಾವಿಕರು ಇಂಥ ಕೆಲವರಿಗೆ ಮಾತ್ರ ರಿಯಾಯಿತಿ. ಆಗಿನ ಕಾಲಕ್ಕೆ ಅದು ಸರಿಯಾದ ಕ್ರಮವೇ. ಗೇಣಿದಾರನ ಬೆವರಿನ ಮೇಲೆ ಕುಳಿತು ಉಣ್ಣುತ್ತಿದ್ದವರನ್ನು ಎಬ್ಬಿಸಬೇಕಿತ್ತು. ಆದರೆ ಗೇಣಿ ಕಾಗದದಿಂದ ಹೋಯಿತೇ ಹೊರತು ಹೊಲದಿಂದ ಹೋಗಲಿಲ್ಲ. ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ಲಾವಣಿ, ಲೀಜು, ಕೋರು ಎಂದು ಹಲವು ಹೆಸರಿನಲ್ಲಿ ನಡೆಯುತ್ತಲೇ ಇದೆ, ಎಲ್ಲವೂ ಬಾಯಿಮಾತಿನ ಮೇಲೆ.

ಪಹಣಿಯ 9ನೆಯ ಕಾಲಂನಲ್ಲಿ ಕಬ್ಜೆದಾರರ, ಅಂದರೆ ಜಮೀನಿನ ಯಜಮಾನರ, ಹೆಸರಿರುತ್ತದೆ, 12ನೆಯದರಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ. ಹನ್ನೆರಡರಲ್ಲಿ ಬೇರೆಯವರ ಹೆಸರು ಬಂದರೆ ಮುಂದೆ ಅದನ್ನೇ ಹಿಡಿದು ಭೂಮಿಯ ಮೇಲೆ ಹಕ್ಕು ಕೇಳುತ್ತಾರೆ ಎಂಬ ಭಯ ಯಜಮಾನರಿಗೆ ಇದ್ದೇ ಇದೆ. ಆದ್ದರಿಂದ ಅಲ್ಲಿಯೂ ‘ಸ್ವಂತ’ ಎಂದೇ ಬರೆಸುತ್ತಾರೆ. ನಾನೇ ನನ್ನ ನೌಕರಿಯ ಕಾಲದಲ್ಲಿ ಎಷ್ಟೋ ಹೊಲಗಳಿಗೆ, ಬೇರೆಯವರು ಉಳುತ್ತಿರುವುದನ್ನು ಕಣ್ಣಾರೆ ಕಂಡೂ, ಹಾಗೆಯೇ ಬರೆದಿದ್ದೇನೆ. ಬರೆಯದಿದ್ದರೆ ಮರುವರ್ಷ ಆ ಬಡವನಿಗೆ ಹೊಲವೇ ಸಿಗುತ್ತಿರಲಿಲ್ಲ. ಇನ್ನು ರಾಜ್ಯ ಸರ್ಕಾರದ ಫ್ರೂಟ್ಸ್ ಎಂಬ ತಂತ್ರಾಂಶದಲ್ಲಿ ರೈತರಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಕೊಟ್ಟು ಪಹಣಿ, ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಒಂದೇ ದಾರದಲ್ಲಿ ಪೋಣಿಸಿದ ಮೇಲಂತೂ ಮಧ್ಯೆ ಕೈಯಾಡಿಸುವವರು ಕಡಿಮೆಯಾದರು, ನಿಜ. ಜೊತೆಗೆ ಪಹಣಿಯಲ್ಲಿ ಹೆಸರಿಲ್ಲದವರು ಪಟ್ಟಿಯ ಹತ್ತಿರವೂ ಸುಳಿಯದಂತಾಯಿತು.

ಲೀಜ್ ರೈತ, ಕಾರಟಗಿ

ಸಾಹೇಬರೇ, ನೀವು ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಭತ್ತದ ಸೀಮೆಯ ಕಥೆ ಇನ್ನೊಂದು ಬಗೆಯದು. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಂಟು ಎಕರೆ ಲೀಜಿಗೆ ಮಾಡುತ್ತೇನೆ. ಒಂದು ಬೆಳೆಗೆ ಎಕರೆಗೆ ಹನ್ನೆರಡು ಚೀಲ ಭತ್ತ ಯಜಮಾನರಿಗೆ ಅಳೆಯಬೇಕು, 75 ಕಿಲೋ ಚೀಲ. ಬೆಳೆ ಬರಲಿ ಬಿಡಲಿ, ಆ ಹನ್ನೆರಡು ಚೀಲ ತಪ್ಪುವುದಿಲ್ಲ.

2020ರ ಬೇಸಿಗೆ ಬೆಳೆ ಕೊಯ್ಲಿಗೆ ಬಂದಾಗ ಹೊರರಾಜ್ಯದ ಕಟಾವು ಯಂತ್ರಗಳು ಬರುವುದು ನಿಂತಿತು. ಬಂದಿದ್ದವರು ಗಂಟೆಗೆ ಕೇಳಿದಷ್ಟು ಕೊಡಬೇಕಾಯಿತು. ಅದರ ಮೇಲೆ ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬಿತ್ತು. ಹಣ್ಣಾಗಿ ಬಾಗಿದ್ದ ತೆನೆಯಿಂದ ಕಾಳು ಉದುರಿ, ಗದ್ದೆಯ ನೀರಿನ ಮೇಲೆ ಹಾಸಿದಂತೆ ತೇಲುತ್ತಿದ್ದದ್ದನ್ನು ನಾನು ಬದುವಿನ ಮೇಲೆ ಕುಳಿತು ನೋಡಿದ್ದೇನೆ. ಕೊರೋನಾ ಪ್ಯಾಕೇಜ್‌ನಲ್ಲಿ ಭತ್ತದ ಹೆಸರೇ ಇರಲಿಲ್ಲ. ಆಲಿಕಲ್ಲಿಗೆ ಬೇರೆ ದಾರಿ: ಪ್ರಕೃತಿ ವಿಕೋಪದ ನಿಯಮದಂತೆ ನೀರಾವರಿ ಭೂಮಿಗೆ ಆಗ ಹೆಕ್ಟೇರಿಗೆ 13,500 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಹಿಡಿದರೆ ಐದೂವರೆ ಸಾವಿರದೊಳಗೆ. ಗೊಬ್ಬರ, ಕೀಟನಾಶಕದ ಎಣ್ಣೆ, ನಾಟಿ ಸೇರಿ ನಾನು ಎಕರೆಗೆ ಸುರಿದದ್ದು ಮೂವತ್ತು ಸಾವಿರ. ಆ ಐದೂವರೆಯೂ ಯಜಮಾನರ ಖಾತೆಗೇ ಹೋಯಿತು.

ನಮ್ಮ ಯಜಮಾನರು ಕೆಟ್ಟವರಲ್ಲ. ಹಣ ಬಂದ ಮೇಲೆ ಕರೆದು, ‘ಅರ್ಧ ನೀನು ತೆಗೆದುಕೋ’ ಎಂದರು. ನಾನು ತೆಗೆದುಕೊಂಡೆ. ಆದರೆ ಮನೆಗೆ ಬರುತ್ತಾ ಯೋಚನೆ ಬಂತು. ಉದುರಿದ್ದು ಪೂರಾ ನನ್ನ ಕಾಳು. ಅದಕ್ಕೆ ಸರ್ಕಾರ ಕೊಟ್ಟದ್ದರಲ್ಲಿ ಅರ್ಧವನ್ನು ಇನ್ನೊಬ್ಬರಿಂದ ದಾನದಂತೆ ತೆಗೆದುಕೊಂಡು ಕೈಮುಗಿದು ಬಂದೆನಲ್ಲ ಎಂದು. ಬೇರೆ ಕ್ಯಾಂಪಿನ (ಕಾಲುವೆ ಸೀಮೆಯ ವಸತಿ) ಲೀಜುದಾರರಿಗೆ ಅದೂ ಸಿಗಲಿಲ್ಲ.

ರಾಯಚೂರು ಗಡಿಯವರು

ಕಾರಟಗಿಯ ಅಣ್ಣನವರ ಮಾತಿಗೆ ಸೇರಿಸುತ್ತೇನೆ. ನಮ್ಮದು ಮೂರು ರಾಜ್ಯ ಕೂಡುವ ಸೀಮೆ. ಗಡಿ ದಾಟಿ ಹೆಣ್ಣು ಕೊಟ್ಟು ತಂದ ಮನೆಗಳು ಎಷ್ಟೋ ಇವೆ, ಹೀಗಾಗಿ ಹಬ್ಬಕ್ಕೆ ಕೂಡಿದಾಗ ಯಾವ ಸರ್ಕಾರ ಎಷ್ಟು ಹಾಕಿತು ಎಂಬುದೇ ಮಾತು.

ತೆಲಂಗಾಣದ ರೈತಬಂಧು 2018ರಿಂದ ಇತ್ತು. ಎಕರೆಗೆ ಇಷ್ಟು ಎಂದು ಪ್ರತಿ ಹಂಗಾಮಿಗೂ ಕೊಡುತ್ತಿದ್ದರು, ಆದರೆ ಪಟ್ಟಾದಾರರಿಗೆ, ಅಂದರೆ ಜಮೀನಿನ ಯಜಮಾನರಿಗೆ, ಮಾತ್ರ. ಗೇಣಿಗೆ ಮಾಡುವ ಕೌಲು ರೈತರಿಗೆ ಇಲ್ಲ. ಅಂದರೆ ದೊಡ್ಡ ಜಮೀನಿದ್ದಷ್ಟೂ ದೊಡ್ಡ ಮೊತ್ತ. ಆಂಧ್ರದವರು 2019ರಲ್ಲಿ ಬೇರೆ ದಾರಿ ಹಿಡಿದರು. ಬೆಳೆ ಸಾಗುವಳಿದಾರರ ಹಕ್ಕಿಗಾಗಿ ಕಾಯ್ದೆ ತಂದು, ಯಜಮಾನ ಮತ್ತು ಕೌಲು ರೈತನ ನಡುವೆ ಹನ್ನೊಂದು ತಿಂಗಳ ಒಪ್ಪಂದ ಬರೆದುಕೊಂಡರೆ ರೈತನಿಗೆ ಒಂದು ಕಾರ್ಡು ಕೊಡುತ್ತಾರೆ. ಅದರಿಂದ ಭೂಮಿಯ ಮೇಲೆ ಹಕ್ಕು ಬರುವುದಿಲ್ಲ, ಬೆಳೆಯ ಮೇಲೆ ಮಾತ್ರ ಬರುತ್ತದೆ. ಆ ವರ್ಷವೇ ಶುರುವಾದ ರೈತು ಭರೋಸಾ ಯೋಜನೆಯ 13,500 ರೂಪಾಯಿಯಲ್ಲಿ ಪರಿಶಿಷ್ಟ, ಹಿಂದುಳಿದ ಮತ್ತು ಅಲ್ಪಸಂಖ್ಯಾತ ವರ್ಗಗಳ ಭೂಮಿಯಿಲ್ಲದ ಕೌಲು ರೈತರನ್ನೂ ಸೇರಿಸಿದರು. ಆದರೆ ಒಪ್ಪಂದಕ್ಕೆ ಯಜಮಾನರ ಸಹಿ ಬೇಕಲ್ಲ! ಆದವಾನಿ ಕಡೆಯ ನಮ್ಮ ಬೀಗರ ಊರಿನಲ್ಲಿ ಸಹಿ ಹಾಕಿದವರಿಗಿಂತ ಹಾಕದವರೇ ಹೆಚ್ಚು. ಆದರೂ ಕೇಳುವುದಕ್ಕೆ ಒಂದು ಕಾಗದವಾದರೂ ಇದೆ. ನಮ್ಮಲ್ಲಿ ಕೇಳುವುದಕ್ಕೇ ಏನೂ ಇಲ್ಲ.

ಅಮೆರಿಕದಲ್ಲಿಯೂ 2020ರ ಏಪ್ರಿಲ್‌ನಲ್ಲಿ ರೈತರಿಗೆ ನೇರ ಪಾವತಿಯೆಂದು 1,600 ಕೋಟಿ ಡಾಲರ್ ಪ್ರಕಟಿಸಿದ್ದರು. ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್‌ವರೆಗೆ ಮಿತಿ ಎಂದು ಓದಿದಾಗ ನಕ್ಕೆ. ನಮ್ಮ ಮಿತಿ ಒಂದು ಹೆಕ್ಟೇರು. ಮೊತ್ತ ಬಿಡಿ, ನನಗೆ ಹಿಡಿಸಿದ್ದು ಬೇರೆ. ಅಲ್ಲಿ ಭೂಮಿ ಯಾರದು ಎಂಬುದಕ್ಕಿಂತ, ಬೆಳೆಯ ನಷ್ಟದಲ್ಲಿ ಪಾಲು ಯಾರದು ಎಂದು ಕೇಳಿ ಹಣ ಕೊಡುತ್ತಾರೆ.

ಕೊಪ್ಪಳ ಬಜಾರದ ಅಂಗಡಿಯವರು

ನಷ್ಟದಲ್ಲಿ ಪಾಲು ಕೇಳುವುದಾದರೆ ಉದ್ದರಿ ಕೊಟ್ಟ ಗೊಬ್ಬರದ ಅಂಗಡಿಯವರೂ ಸಾಲಿನಲ್ಲಿ ನಿಲ್ಲುತ್ತಾರೆ, ನೋಡಿಕೊಳ್ಳಿ.

ಬ್ಯಾಂಕ್ ಮಿತ್ರ, ಸಿಂಧನೂರು

ಪಟ್ಟಿಗೆ ಹೆಸರು ಸೇರಿದರೂ ಹಣ ಕೈಗೆ ಬರುತ್ತದೆ ಎನ್ನುವ ಹಾಗಿಲ್ಲ. ನಾನು ಆ ಎರಡು ವರ್ಷ ಊರ ಕಟ್ಟೆಯ ಮೇಲೆ ಬ್ಯಾಂಕಿನ ಪರವಾಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುವ ಯಂತ್ರ ಇಟ್ಟುಕೊಂಡು ಕುಳಿತವನು. ‘ಮೆಸೇಜು ಬಂದಿದೆ, ದುಡ್ಡು ಬಂದಿಲ್ಲ’ ಎಂದು ಬರುತ್ತಿದ್ದವರೇ ಹೆಚ್ಚು. ಆಧಾರ್ ಮೂಲಕ ಹಾಕುವ ಹಣ ನೀವು ಅರ್ಜಿಯಲ್ಲಿ ಬರೆದುಕೊಟ್ಟ ಖಾತೆಗೆ ಹೋಗುವುದಿಲ್ಲ, ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅದಕ್ಕೆ ಹೋಗುತ್ತದೆ. ಒಬ್ಬ ಹಿರಿಯರು ಪರಿಹಾರ ಬಂದಿಲ್ಲವೆಂದು ನಾಲ್ಕು ತಿಂಗಳು ಅಲೆದರು. ನೋಡಿದರೆ, ಹಿಂದೊಮ್ಮೆ ಹೊಸ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ದಕ್ಕೆ ಅವರಿಗೇ ಗೊತ್ತಿಲ್ಲದ ಒಂದು ಮೊಬೈಲ್ ಖಾತೆ ತೆರೆದುಕೊಂಡು, ಎಲ್ಲವೂ ಅಲ್ಲಿ ಬಿದ್ದಿತ್ತು.

ಇನ್ನೊಂದು, ಹೆಬ್ಬೆಟ್ಟೇ ಹೊಂದದಿರುವುದು. ಕಳೆ ಕಿತ್ತು, ನಾಟಿ ಹಚ್ಚಿ ಸವೆದ ಬೆರಳಿನಲ್ಲಿ ಗೆರೆಗಳೇ ಇರುವುದಿಲ್ಲ. ಸ್ಯಾನಿಟೈಸರ್ ಹಚ್ಚಿ, ಸೀರೆಯ ಸೆರಗಿಗೆ ಒರೆಸಿ, ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿ, ಕೊನೆಗೆ ಎಡಗೈಯ ಕಿರುಬೆರಳಿಗೆ ಯಂತ್ರ ಹಸಿರು ತೋರಿದಾಗ ಆ ತಾಯಿಗಿಂತ ನನಗೇ ಹೆಚ್ಚು ಸಂತೋಷವಾಗುತ್ತಿತ್ತು. ಮೂರನೆಯ ಸಂಗತಿ ಬರೆಯಲು ಸಂಕೋಚವಾಗುತ್ತದೆ. ಹಣ ಖಾತೆಗೆ ಬಿದ್ದರೂ, ಬೆಳೆಸಾಲ ಬಾಕಿಯಿದೆಯೆಂದು ಒಂದು ಶಾಖೆಯಲ್ಲಿ ಖಾತೆಯನ್ನೇ ತಡೆಹಿಡಿದಿದ್ದರು. ಹತ್ತು ಜನ ರೈತರು ಹೋಗಿ ಬಾಗಿಲಲ್ಲಿ ಕುಳಿತ ಮೇಲೆ ಬಿಟ್ಟರು.

ಕೂಲಿಕಾರರ ಮನೆಯವಳು, ಸಿರುಗುಪ್ಪ

ಇಷ್ಟು ಹೊತ್ತು ಯಜಮಾನರು ಮತ್ತು ಲೀಜುದಾರರ ಮಾತೇ ಆಯಿತು. ನಾಟಿ ಹಚ್ಚುವವರು ನಾವು. ನಮ್ಮ ಅವ್ವನ ಜನಧನ್ ಖಾತೆಗೆ 2020ರ ಏಪ್ರಿಲ್, ಮೇ, ಜೂನ್ ಮೂರು ತಿಂಗಳು ತಲಾ 500 ರೂಪಾಯಿ ಬಂತು. ಪಡಿತರದಲ್ಲಿ ತಲೆಗೆ ಐದು ಕಿಲೋ ಹೆಚ್ಚಿನ ಧಾನ್ಯ ಬಂತು, ಅದರಿಂದ ಹೊಟ್ಟೆ ನಡೆಯಿತು, ಅದನ್ನು ಮರೆಯುವುದಿಲ್ಲ. ಉದ್ಯೋಗ ಖಾತ್ರಿಯ ಕೂಲಿಯೂ ಆ ವರ್ಷ 249ರಿಂದ 275 ಆಯಿತು. ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ನಮ್ಮಣ್ಣನೂ ಕೆರೆ ಹೂಳು ಎತ್ತಿದ. ಆದರೆ ರೈತ ಪರಿಹಾರ ಎಂದಾಗ ಕೂಲಿಯವರನ್ನು ಯಾರೂ ರೈತರೆಂದು ಎಣಿಸುವುದಿಲ್ಲ. ಒಡಿಶಾದಲ್ಲಿ ಕಾಲಿಯಾ ಯೋಜನೆ ಮಾಡಿದಾಗ ಭೂಮಿಯಿಲ್ಲದ ಕೃಷಿ ಕುಟುಂಬಗಳನ್ನೂ ಸೇರಿಸಿದ್ದರು ಎಂದು ಕಾಲೇಜಿನಲ್ಲಿ ಓದಿದ್ದೇನೆ. ಹೊಲದಲ್ಲಿ ಕೆಲಸ ನಿಂತ ಎರಡು ತಿಂಗಳನ್ನು ನಷ್ಟವೆಂದು ಬರೆಯಲು ಪಹಣಿಯಲ್ಲಿ ಯಾವ ಕಾಲಂ ಇದೆ, ತಲಾಟಿ ಸಾಹೇಬರೇ?

ನಿವೃತ್ತ ಗ್ರಾಮ ಲೆಕ್ಕಾಧಿಕಾರಿ, ಕುಷ್ಟಗಿ

ಇಲ್ಲ ತಾಯಿ. ಆ ಕಾಲಂ ಇಲ್ಲ.

ಮಲ್ಲಿಗೆ ತೋಟದವಳು, ಹುಲಿಗಿಯ ಹತ್ತಿರ

ತಂಗಿ ಕೇಳಿದ್ದು ಸರಿಯಾಗಿದೆ. ಮೊಗ್ಗು ಬಿಡಿಸಲು ಬರುತ್ತಿದ್ದ ಇಬ್ಬರಿಗೆ ಆ ಎರಡು ತಿಂಗಳು ನಾನೂ ಏನೂ ಕೊಡಲಾಗಲಿಲ್ಲ ಎಂಬುದು ಈಗ ನೆನಪಾಗುತ್ತಿದೆ. ಒಂದು ಸಲಹೆ: ಇನ್ನು ಮುಂದೆ ಇಂಥದ್ದೇನಾದರೂ ಬಂದರೆ, ಯಾವ ಸರ್ವೆ ನಂಬರಿಗೆ ಯಾವ ಬೆಳೆಯೆಂದು ಎಷ್ಟು ಬಂತು ಎಂಬ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ನಮ್ಮ ಊರಿನಲ್ಲಿ ಹೂವಿನ ಗಿಡವನ್ನೇ ಕಾಣದ ಹೊಲಕ್ಕೂ ಹೂವಿನ ಹಣ ಬಂದ ಸುದ್ದಿಯಿತ್ತು. ಗೋಡೆಯ ಮೇಲೆ ಇದ್ದಿದ್ದರೆ ನಾಲ್ಕು ಜನ ಓದಿ ಅಲ್ಲೇ ಕೇಳುತ್ತಿದ್ದರು.

ರಾಯಚೂರು ಗಡಿಯವರು

ಅಕ್ಕನವರೇ, ಸರ್ವೆ ನಂಬರು, ಬೆಳೆ, ವಿಸ್ತೀರ್ಣ ಹಚ್ಚಲಿ, ಅದಕ್ಕೆ ನನ್ನದೂ ಒಪ್ಪಿಗೆ. ಹೆಸರು ಮತ್ತು ಮೊತ್ತ ಹಚ್ಚಿದರೆ ಮರುದಿನ ಬೆಳಿಗ್ಗೆ ಸಾಲ ಕೊಟ್ಟವರು ಮನೆಯ ಬಾಗಿಲಲ್ಲಿ ಇರುತ್ತಾರೆ. ಬರ ಪರಿಹಾರ ಬಂದಾಗ ನಮ್ಮೂರಿನಲ್ಲಿ ಹಾಗೆ ಆಗಿದೆ. ಬೆಳೆ ಸುಳ್ಳೋ ನಿಜವೋ ಎಂದು ಹೇಳಲು ಊರಿನವರಿಗೆ ಸರ್ವೆ ನಂಬರೇ ಸಾಕು. ಯಾವ ನಂಬರು ಯಾರದು ಎಂದು ಯಾರಿಗೆ ಗೊತ್ತಿಲ್ಲ?

ಲೀಜ್ ರೈತ, ಕಾರಟಗಿ

ಪಟ್ಟಿ ಹಚ್ಚಿದರೂ ನಮ್ಮ ಹೆಸರು ಅದರಲ್ಲಿ ಇರುವುದಿಲ್ಲ. ನನಗೆ ಬೇಕಾದದ್ದು ಇಷ್ಟೇ: ಸಮೀಕ್ಷೆಯ ಆ್ಯಪ್‌ನಲ್ಲಿ ಬೆಳೆಯ ಹೆಸರಿನ ಕೆಳಗೆ ‘ಬಿತ್ತಿದವರು’ ಎಂದು ಒಂದು ಸಾಲು ಇರಲಿ, ಅದು ಪಹಣಿಗೆ ಹೋಗದಿರಲಿ, ಭೂಮಿಯ ಹಕ್ಕಿಗೆ ಸಾಕ್ಷಿಯಾಗುವುದಿಲ್ಲ ಎಂದು ಸರ್ಕಾರವೇ ಬರೆದುಕೊಡಲಿ, ಹಂಗಾಮು ಮುಗಿದ ಮೇಲೆ ಅಳಿಸಿಹೋದರೂ ಚಿಂತೆಯಿಲ್ಲ. ಅಷ್ಟು ಭರವಸೆ ಇದ್ದರೆ ನಮ್ಮ ಯಜಮಾನರು ಸಹಿ ಹಾಕುತ್ತಾರೆ. ಕೇಳಿ ನೋಡಿದ್ದೇನೆ.

ಯಲಬುರ್ಗಾದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಭಾನುವಾರ ನಮ್ಮ ಹೊಲದ ಬೆಳೆ ಸಮೀಕ್ಷೆಯನ್ನು ನಾನೇ ಮಾಡೋಣವೆಂದು ಹೋಗಿದ್ದೆ. ಲಾವಣಿಯವರ ಫೋನಿನಲ್ಲಿ ಆ್ಯಪ್ ಇಲ್ಲದ್ದರಿಂದ ಬದು ದಾಟಿ ಅವರ ನಾಲ್ಕು ಎಕರೆಯನ್ನೂ ನೋಡಿದೆ. ಸರ್ವೆ ನಂಬರ್ ಒತ್ತಿದ ಕೂಡಲೇ ಹುಬ್ಬಳ್ಳಿಯ ಯಜಮಾನರ ಹೆಸರು ಬಂತು. ಬೆಳೆಯ ಫೋಟೋ ತೆಗೆಯುವಾಗ ಅವರು ಟೋಪಿ ಸರಿಮಾಡಿಕೊಂಡು ಸಾಲಿನ ನಡುವೆ ಬಂದು ನಿಂತಿದ್ದರು. ಬೆಳೆ ಮಾತ್ರ ಸಾಕಂತೆ ಎಂದಾಗ ಏನೂ ಹೇಳದೆ ಪಕ್ಕಕ್ಕೆ ಸರಿದರು.

ನಮ್ಮದೇ ಹೊಲದಲ್ಲಿ ಬೇರೆ ತೊಡಕು. ಈಗಲೂ ತಂದೆಯವರ ಹೆಸರೇ ಬರುತ್ತಿದೆ. ತಾಯಿಯವರ ಹೆಸರಿಗೆ ಎಫ್‌ಐಡಿ ಇಲ್ಲ, ಮಾಡಿಸಲು ಹೋದರೆ ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು) ಆಗದೆ ಆಗುವುದಿಲ್ಲ ಎಂದರು. ಅಂದರೆ ಈ ವರ್ಷ ಏನೇ ಪರಿಹಾರ ಬಂದರೂ ಅದು ತೀರಿಹೋದವರ ಹೆಸರಿಗೆ ಬರುತ್ತದೆ, ಖಾತೆಯನ್ನಂತೂ ನಾನೇ ಮುಚ್ಚಿಸಿ ಬಂದಿದ್ದೇನೆ. ಏನೇನು ಕಾಗದ ಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಗ್ರಾಮ ಲೆಕ್ಕಾಧಿಕಾರಿ, ಕುಷ್ಟಗಿ

ಮರಣ ಪ್ರಮಾಣಪತ್ರ, ವಂಶವೃಕ್ಷ, ಇತ್ತೀಚಿನ ಪಹಣಿ, ವಾರಸುದಾರರೆಲ್ಲರ ಆಧಾರ್ ಸಿದ್ಧಮಾಡಿಕೊಳ್ಳಿ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ, ಆಮೇಲೆ ಅದೇ ತಕರಾರಾಗಿ ನಿಲ್ಲುತ್ತದೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ: ಮರಣ ಪ್ರಮಾಣಪತ್ರದಲ್ಲಿರುವ ಹೆಸರು ಮತ್ತು ಪಹಣಿಯಲ್ಲಿರುವ ಹೆಸರನ್ನು ಎದುರುಬದುರು ಇಟ್ಟು ಅಕ್ಷರ ಅಕ್ಷರವಾಗಿ ಓದಿ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ನಾಡಕಚೇರಿಗೆ ಹೋಗುವ ಮೊದಲೇ ಅಫಿಡವಿಟ್ ಮಾಡಿಸಿಕೊಳ್ಳಿ.

ಯಲಬುರ್ಗಾದ ಮೇಷ್ಟ್ರು

ಈಗಲೇ ತೆಗೆದು ನೋಡಿದೆ ಸಾಹೇಬರೇ. ಪಹಣಿಯಲ್ಲಿ ಅಡ್ಡಹೆಸರಿಲ್ಲ. ಅಫಿಡವಿಟ್‌ಗೆ ಎಷ್ಟರ ಬಾಂಡು ತೆಗೆದುಕೊಳ್ಳಲಿ?